ಹತ್ತು ಕೆ.ಜಿ. ಹೆಚ್ಚಿಸಿಕೊಂಡು ಬಾ

ರಗ್ಬಿ ಸೀಸನ್ ಮುಗಿದ ವಾರ ಹದಿನಾರು, ಹದಿನೇಳರ ಹುಡುಗರ ಕಿವಿಗೆ ಬೀಳುವ ಮಾತು ಹೆಚ್ಚುಕಡಿಮೆ ಒಂದೇ: ಆಟ ಚೆನ್ನಾಗಿದೆ, ಮೈ ಸಾಲದು, ಮುಂದಿನ ಸೀಸನ್‌ಗೆ ಹತ್ತು ಕೆ.ಜಿ. ಹೆಚ್ಚಿಸಿಕೊಂಡು ಬಾ. ಹುಡುಗ ಆ ಹತ್ತನ್ನು ತಲೆಯಲ್ಲಿಟ್ಟುಕೊಂಡು ಹೋಗುತ್ತಾನೆ. ಎಷ್ಟು ತಿಂಗಳಲ್ಲಿ ಹೆಚ್ಚಬೇಕು, ಆ ಹತ್ತರಲ್ಲಿ ಮಾಂಸಖಂಡ ಎಷ್ಟಿರಬೇಕು, ಯಾವ ಲಕ್ಷಣ ಕಂಡರೆ ನಿಲ್ಲಿಸಬೇಕು ಎಂಬುದನ್ನು ಯಾರೂ ಹೇಳಿರುವುದಿಲ್ಲ. ಮೂರು ತಿಂಗಳ ಬಿಡುವಿನಲ್ಲಿ ಅವನು ಹೇಳಿದಷ್ಟೂ ಮಾಡಿಕೊಂಡು ಬರುತ್ತಾನೆ. ಎಲ್ಲರೂ ಬೆನ್ನು ತಟ್ಟುತ್ತಾರೆ. ಆರನೆಯ ವಾರಕ್ಕೆ ಮೊಣಕಾಲು ನೋವೆಂದು ಬೆಂಚಿನ ಮೇಲೆ ಕೂತಿರುತ್ತಾನೆ.

ರಗ್ಬಿಯಲ್ಲಿ ತೂಕಕ್ಕೆ ಬೆಲೆಯಿದೆ, ಇಲ್ಲವೆಂದರೆ ಸುಳ್ಳಾದೀತು. ನಮ್ಮ ತಕರಾರು ಇರುವುದು ವೇಗದ ಬಗ್ಗೆ. ಮಾಂಸಖಂಡ ಬೆಳೆಯುವ ವೇಗ ಒಂದು, ಅದನ್ನು ಮೂಳೆಗೆ ಕಟ್ಟುವ ಟೆಂಡನ್ ಗಟ್ಟಿಯಾಗುವ ವೇಗ ಇನ್ನೊಂದು, ಮೂಳೆಯಲ್ಲಿ ಖನಿಜ ತುಂಬುವ ವೇಗ ಮತ್ತೊಂದು. ಕೊಬ್ಬು ಇವೆಲ್ಲಕ್ಕಿಂತ ಬೇಗ ಸೇರುತ್ತದೆ. ಹೊಸ ಮೈಯನ್ನು ಬಗ್ಗಿಸಿ, ತಿರುಗಿಸಿ, ನಿಲ್ಲಿಸಿ ಟ್ಯಾಕಲ್ ಮಾಡುವ (ಚೆಂಡು ಹಿಡಿದು ಓಡುವ ಎದುರಾಳಿಯನ್ನು ಹಿಡಿದು ಕೆಡವುವ) ಅಭ್ಯಾಸ ಎಲ್ಲಕ್ಕಿಂತ ತಡವಾಗಿ ಬರುತ್ತದೆ. ತೂಕದ ಯಂತ್ರ ಇದನ್ನೆಲ್ಲ ಕೂಡಿಸಿ ಒಂದೇ ಅಂಕಿಯಾಗಿ ತೋರಿಸುತ್ತದೆ. ಆ ಅಂಕಿ ಏರುವುದು ಬೇಗ ಬೆಳೆಯುವುದರ ವೇಗದಲ್ಲಿ, ಗಾಯವಾಗುವುದು ನಿಧಾನವಾಗಿ ಬೆಳೆಯುವುದರಲ್ಲಿ.

ದೊಡ್ಡವರ ಆಟ ಈ ಐದಾರು ದಶಕಗಳಲ್ಲಿ ಎಷ್ಟು ಭಾರವಾಯಿತೆಂದು ನೋಡಿದರೆ ಒತ್ತಡ ಎಲ್ಲಿಂದ ಬಂತೆಂದು ತಿಳಿಯುತ್ತದೆ. ಯುರೋಪಿನ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ 1955ರ ಆಟಗಾರನ ಸರಾಸರಿ ತೂಕ ಸುಮಾರು 85 ಕೆ.ಜಿ., 2015ರ ಆಟಗಾರನದು ಸುಮಾರು 105 ಕೆ.ಜಿ. 1995ರ ಆಗಸ್ಟ್‌ನಲ್ಲಿ ರಗ್ಬಿ ಯೂನಿಯನ್ ವೃತ್ತಿಪರ ಆಟವಾಯಿತು. ಅದೇ ವರ್ಷ ಜೂನ್‌ನಲ್ಲಿ ವಿಶ್ವಕಪ್ ಸೆಮಿಫೈನಲ್‌ನಲ್ಲಿ ನ್ಯೂಜಿಲೆಂಡ್‌ನ 20 ವರ್ಷದ ಜೋನಾ ಲೋಮು ಇಂಗ್ಲೆಂಡ್ ವಿರುದ್ಧ ನಾಲ್ಕು ಟ್ರೈ (ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸುವುದು) ಗಳಿಸಿದ್ದರು. ಅಷ್ಟು ದೊಡ್ಡ ಮೈಯವರು ಅಷ್ಟು ವೇಗವಾಗಿ ಓಡಬಲ್ಲರೆಂದು ಜಗತ್ತು ಕಣ್ಣಾರೆ ಕಂಡಿತು. ಅಂದಿನಿಂದ ಆಯ್ಕೆಗಾರರ ಕಣ್ಣು ಮೈಕಟ್ಟನ್ನು ಹುಡುಕುವುದು ಹೆಚ್ಚಾಯಿತು. ಆದರೆ 2019ರ ವಿಶ್ವಕಪ್ ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾ ಪರ ಟ್ರೈ ಗಳಿಸಿದ ಚೆಸ್ಲಿನ್ ಕೋಲ್ಬಿ ಅವರ ಎತ್ತರ 1.71 ಮೀಟರ್. ಫ್ರಾನ್ಸಿನ ಆಂಟ್ವಾನ್ ಡುಪಾಂ 1.75 ಮೀಟರ್ ದಾಟುವುದಿಲ್ಲ. ಚಿಕ್ಕ ಮೈಗೆ ಈ ಆಟದಲ್ಲಿ ಇಂದಿಗೂ ಜಾಗವಿದೆ. ಹದಿನಾರರ ಹುಡುಗನಿಗೆ ತೂಕದ ಗುರಿ ಕೊಡುವ ಮೊದಲು ಅವನು ಯಾವ ಜಾಗಕ್ಕೆ ಆಡಲಿದ್ದಾನೆ, ಅಲ್ಲಿಗೆ ಅಷ್ಟು ತೂಕ ನಿಜಕ್ಕೂ ಬೇಕೇ ಎಂದು ಕೇಳಿಕೊಳ್ಳಬೇಕು. ಆ ಪ್ರಶ್ನೆ ಕೇಳುವವರು ಕಡಿಮೆ.

ಹನ್ನೆರಡು ವಾರದ ಲೆಕ್ಕ

ಹುಡುಗರು ಅತಿ ವೇಗವಾಗಿ ಎತ್ತರವಾಗುವುದು ಸರಾಸರಿ 14ನೇ ವಯಸ್ಸಿನ ಸುಮಾರಿಗೆ. ಆ ವರ್ಷ 9-10 ಸೆಂ.ಮೀ. ಬೆಳೆಯುವುದು ಸಹಜ. ತೂಕ ಅತಿ ವೇಗವಾಗಿ ಏರುವ ಹಂತ ಅದರ ಹಿಂದೆಯೇ ಬರುತ್ತದೆ, ಆಗ ವರ್ಷಕ್ಕೆ 8-9 ಕೆ.ಜಿ. ಏರಿದರೂ ಗಾಬರಿಯಿಲ್ಲ. 16 ದಾಟಿದ ಮೇಲೆ ಆ ವೇಗ ಇಳಿದು ವರ್ಷಕ್ಕೆ ಮೂರು ಕೆ.ಜಿ. ಆಸುಪಾಸಿಗೆ ಬರುತ್ತದೆ. ಅಂದರೆ ಹದಿನೇಳರ ಹುಡುಗನಿಂದ ಮೂರು ತಿಂಗಳಲ್ಲಿ ಹತ್ತು ಕೆ.ಜಿ. ಕೇಳುವುದು, ಅವನ ಮೈ ತಾನಾಗಿ ಮೂರು ವರ್ಷದಲ್ಲಿ ಕೊಡುವುದನ್ನು ಹನ್ನೆರಡು ವಾರಕ್ಕೆ ತುರುಕಿದಂತೆ.

ಭಾರ ಎತ್ತುವ ಅಭ್ಯಾಸ ಹೊಸದಾಗಿದ್ದು, ಊಟ ನಿದ್ದೆ ಎರಡೂ ಸರಿಯಿದ್ದರೆ ತಿಂಗಳಿಗೆ ಅರ್ಧದಿಂದ ಒಂದು ಕೆ.ಜಿ. ಮಾಂಸಖಂಡ ಸೇರಬಹುದು. ಹನ್ನೆರಡು ವಾರಕ್ಕೆ ಹೆಚ್ಚೆಂದರೆ ಮೂರು ಕೆ.ಜಿ. ಮಾಂಸಖಂಡದಲ್ಲಿ ಶೇಖರವಾಗುವ ಪ್ರತಿ ಗ್ರಾಂ ಗ್ಲೈಕೋಜನ್ (ಶಕ್ತಿಗಾಗಿ ಕೂಡಿಟ್ಟ ಪಿಷ್ಟ) ತನ್ನೊಡನೆ ಸುಮಾರು ಮೂರು ಗ್ರಾಂ ನೀರು ಹಿಡಿದಿಟ್ಟುಕೊಳ್ಳುತ್ತದೆ, ಆ ಲೆಕ್ಕದಲ್ಲಿ ಇನ್ನೊಂದು ಕೆ.ಜಿ. ಇಟ್ಟುಕೊಳ್ಳೋಣ. ಉಳಿದ ಆರು ಕೆ.ಜಿ. ಕೊಬ್ಬು. ಒಂದು ಕೆ.ಜಿ. ಕೊಬ್ಬಿಗೆ ಸುಮಾರು 7,700 ಕ್ಯಾಲರಿ, ಆರಕ್ಕೆ 46,200. ಇದನ್ನು 84 ದಿನಕ್ಕೆ ಹಂಚಿದರೆ ದಿನಕ್ಕೆ 550 ಕ್ಯಾಲರಿ. ಮೈ ಮಾಂಸಖಂಡಕ್ಕೆ ಬಳಸಿಕೊಳ್ಳಬಲ್ಲ ಆಹಾರದ ಮೇಲೆ ದಿನಾ ಇಷ್ಟನ್ನು ಹೆಚ್ಚುವರಿಯಾಗಿ ತಿಂದರಷ್ಟೇ ಹತ್ತು ತುಂಬುತ್ತದೆ. ಸಕ್ಕರೆ ತುಂಬಿದ ‘ಮಾಸ್ ಗೇನರ್’ ಡಬ್ಬಿಗಳು ತುಂಬುವುದು ಈ ಆರನ್ನೇ.

ಆ ಆರು ಕೆ.ಜಿ. ತಳ್ಳುವ ಬಲ ಕೊಡುವುದಿಲ್ಲ, ಪ್ರತಿ ಹೆಜ್ಜೆಯಲ್ಲೂ ಹೊರೆಯಾಗಿ ಬೀಳುತ್ತದೆ. ಓಡುವಾಗ ನೆಲ ಕಾಲನ್ನು ಹಿಂದಕ್ಕೆ ಒತ್ತುವ ಬಲ ದೇಹತೂಕದ ಎರಡರಿಂದ ಮೂರು ಪಟ್ಟು. ಎರಡೂವರೆ ಪಟ್ಟೆಂದು ಹಿಡಿದರೆ, ಮೈಯ ಮೇಲಿನ ಹೆಚ್ಚುವರಿ ಹತ್ತು ಕೆ.ಜಿ. ಪ್ರತಿ ಹೆಜ್ಜೆಗೆ 25 ಕೆ.ಜಿ.ಯಷ್ಟು ಹೆಚ್ಚಿನ ಹೊಡೆತ. ಒಂದು ಅಭ್ಯಾಸದಲ್ಲಿ ಐದು ಕಿಲೋಮೀಟರ್, ಕಿಲೋಮೀಟರಿಗೆ ಸುಮಾರು ಸಾವಿರ ಹೆಜ್ಜೆ ಎಂದರೆ ಒಂದೇ ಸಂಜೆಯಲ್ಲಿ ಎರಡೂ ಕಾಲು ಸೇರಿ 125 ಟನ್ ಹೆಚ್ಚಿನ ಭಾರ ಹೊರುತ್ತವೆ. ಅಭ್ಯಾಸದ ವೇಳಾಪಟ್ಟಿ ಹಿಂದಿನ ವರ್ಷದ್ದೇ, ನಿಮಿಷಗಳೂ ಅವೇ. ಕೋಚ್‌ನ ನೋಟ್‌ಬುಕ್ಕಿನಲ್ಲಿ ಏನೂ ಬದಲಾಗಿರುವುದಿಲ್ಲ, ಮೊಣಕಾಲಿಗೆ ಎಲ್ಲವೂ ಬದಲಾಗಿರುತ್ತದೆ.

ಟೆಂಡನ್, ಮೂಳೆ, ಬೆಳವಣಿಗೆಯ ತಟ್ಟೆ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಗಾಯದ ವಿಷಯದಲ್ಲಿ ಹದಿಹರೆಯದವರು ಚಿಕ್ಕ ಗಾತ್ರದ ದೊಡ್ಡವರಲ್ಲ.

ವ್ಯಾಯಾಮ ಶುರುವಾದ ಮೊದಲ ನಾಲ್ಕಾರು ವಾರ ಬಲ ಏರುವುದು ಹೆಚ್ಚಾಗಿ ನರಗಳ ಕಲಿಕೆಯಿಂದ. ಆರರಿಂದ ಎಂಟು ವಾರಕ್ಕೆ ಮಾಂಸಖಂಡ ದಪ್ಪವಾಗಿದ್ದು ಕಣ್ಣಿಗೆ ಕಾಣುತ್ತದೆ. ಟೆಂಡನ್‌ಗೆ ರಕ್ತ ಸಂಚಾರ ಕಡಿಮೆ, ಅದು ಹೊಸ ಹೊರೆಗೆ ತಕ್ಕಂತೆ ಬಿಗಿಯಾಗಲು ಹನ್ನೆರಡು ವಾರವಾದರೂ ಬೇಕು, ಅದೂ ಸರಿಯಾದ ರೀತಿಯ ಹೊರೆ ಬಿದ್ದರೆ. ಅಕಿಲಿಸ್ ಟೆಂಡನ್‌ನ ಒಳತಿರುಳು ಹದಿಹರೆಯ ಮುಗಿಯುವಷ್ಟರಲ್ಲಿ ರೂಪುಗೊಂಡುಬಿಡುತ್ತದೆ, ಆಮೇಲೆ ತೀರಾ ಕಡಿಮೆ ಹೊಸದಾಗುತ್ತದೆ ಎಂದು ಸಂಶೋಧನೆಗಳು ತೋರಿಸಿವೆ. ಆ ವಯಸ್ಸಿನಲ್ಲಿ ಟೆಂಡನ್ ಅನ್ನು ಹಾಳುಮಾಡಿಕೊಳ್ಳುವುದು ಸಣ್ಣ ವಿಷಯವಲ್ಲ.

ಮೂಳೆಯದು ಬೇರೆ ಕಥೆ. ಎತ್ತರ ಮೊದಲು ಬರುತ್ತದೆ, ಮೂಳೆಯೊಳಗೆ ಖನಿಜ ತುಂಬುವ ಕೆಲಸ ಆರು ತಿಂಗಳಿಂದ ಒಂದು ವರ್ಷ ಹಿಂದೆ ಬೀಳುತ್ತದೆ. ಉದ್ದವಾಗಿದ್ದರೂ ಇನ್ನೂ ಪೂರ್ತಿ ಗಟ್ಟಿಯಾಗದ ಮೂಳೆಯ ಕಾಲ ಅದು. ಮಣಿಕಟ್ಟಿನ ಬಳಿಯ ಮುರಿತಗಳು ಆ ವಯಸ್ಸಿನಲ್ಲೇ ಹೆಚ್ಚು.

ಎಲ್ಲಕ್ಕಿಂತ ಗಮನ ಬೇಕಾದದ್ದು ಬೆಳವಣಿಗೆಯ ತಟ್ಟೆ, ಅಂದರೆ ಮೂಳೆಯ ತುದಿಯ ಹತ್ತಿರ ಹೊಸ ಮೂಳೆ ಹುಟ್ಟುವ ಮೃದ್ವಸ್ಥಿಯ ಪದರ. ಹದಿಹರೆಯದಲ್ಲಿ ಇದು ಪಕ್ಕದ ಲಿಗಮೆಂಟ್‌ಗಿಂತ, ಅಂದರೆ ಮೂಳೆಗೆ ಮೂಳೆ ಕಟ್ಟುವ ಪಟ್ಟಿಗಿಂತ, ದುರ್ಬಲ. ದೊಡ್ಡವರಿಗೆ ಮೊಣಕಾಲಿನ ಪಕ್ಕಕ್ಕೆ ಪೆಟ್ಟು ಬಿದ್ದರೆ ಲಿಗಮೆಂಟ್ ಹರಿಯುವ ಕಡೆ, ಹದಿನಾಲ್ಕರ ಹುಡುಗನಿಗೆ ತೊಡೆಮೂಳೆಯ ಕೆಳತುದಿಯ ತಟ್ಟೆಯೇ ಮುರಿಯಬಹುದು. ಸ್ಪ್ರಿಂಟ್‌ನ ನಡುವೆ ಪೃಷ್ಠದ ಕೆಳಗೆ ‘ಟಪ್’ ಎಂದಂತಾಗಿ ಹುಡುಗ ಕುಸಿದರೆ, ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಭಾಗದ ಸ್ನಾಯು) ಎಳೆದಿದೆ ಎಂದು ಐಸ್ ಕಟ್ಟಿ ಕಳಿಸುವುದು ಬಹಳ ಕಡೆ ನಡೆಯುವ ತಪ್ಪು. ಅಲ್ಲಿ ಟೆಂಡನ್ ತಾನು ಅಂಟಿದ ಮೂಳೆಯ ತುಣುಕನ್ನೇ ಕಿತ್ತುಕೊಂಡಿರಬಹುದು. ಚೆಂಡು ಒದೆಯುವಾಗ ಸೊಂಟದ ಮುಂಭಾಗದಲ್ಲೂ ಹೀಗಾಗುತ್ತದೆ. ಎಕ್ಸ್‌ರೇ ತೆಗೆಸದೆ ಹಿಗ್ಗಿಸುವ ವ್ಯಾಯಾಮ ಮಾಡಿಸಬಾರದು.

ಮೊಣಕಾಲ ಚಿಪ್ಪಿನ ಕೆಳಗಿನ ಗುಬುಟು ಊದಿ ನೋಯುವ ಆಸ್‌ಗುಡ್-ಶ್ಲಾಟರ್, ಹಿಮ್ಮಡಿ ನೋಯುವ ಸೀವರ್ಸ್ ಎರಡೂ ಇದೇ ಕುಟುಂಬದವು. ಇವುಗಳಿಗೆ ಪೂರ್ತಿ ವಿಶ್ರಾಂತಿ ಬೇಕಾಗುವುದು ಅಪರೂಪ. ಹತ್ತರಲ್ಲಿ ಮೂರರಷ್ಟು ನೋವಿನವರೆಗೆ ಆಡಬಹುದು, ಮರುದಿನ ಬೆಳಗ್ಗೆಗೆ ಅದು ಇಳಿದಿರಬೇಕು. ಇಳಿಯದಿದ್ದರೆ ಓಟ, ಜಿಗಿತ ಅರ್ಧಕ್ಕೆ ಇಳಿಸಬೇಕು. ಆದರೆ ಈ ನೋವಿರುವ ತಿಂಗಳುಗಳಲ್ಲಿ ತೂಕ ಏರಿಸುವ ಕಾರ್ಯಕ್ರಮ ಮಾತ್ರ ಬೇಡವೇ ಬೇಡ.

ಕೆಳಬೆನ್ನು ಇನ್ನೊಂದು ಕಡೆ. ಐದನೇ ಸೊಂಟದ ಕಶೇರುಕದ ಹಿಂಭಾಗದಲ್ಲಿ ಒತ್ತಡದ ಬಿರುಕು ಬೀಳುವುದು ಬೆನ್ನನ್ನು ಹಿಂದಕ್ಕೆ ಬಾಗಿಸಿ ಹೊರೆ ಹೊರುವ ಆಟಗಾರರಲ್ಲಿ ಚೆನ್ನಾಗಿ ಗೊತ್ತಿರುವ ಸಮಸ್ಯೆ. ಹೊಟ್ಟೆ ಮುಂದಕ್ಕೆ ಬಂದಷ್ಟೂ ಸೊಂಟ ಮುಂದಕ್ಕೆ ವಾಲುತ್ತದೆ, ಭಾರ ಹೊತ್ತು ಕೂತೇಳುವ ಸ್ಕ್ವಾಟ್‌ನ ಕೊನೆಯ ಎರಡು ಸಲಕ್ಕೆ ಬೆನ್ನು ಕುಸಿಯುತ್ತದೆ. ಒಂದೇ ಕಾಲಿನ ಮೇಲೆ ನಿಂತು ಹಿಂದಕ್ಕೆ ಬಾಗಿದರೆ ಒಂದೇ ಪಕ್ಕ ಚುಚ್ಚಿದಂತಾಗುವುದು, ಎರಡು ಮೂರು ವಾರವಾದರೂ ಹೋಗದಿರುವುದು ಇದರ ಸುಳಿವು. ಆಗ ಎಂಆರ್‌ಐ ಬೇಕು. ಹದಿಹರೆಯದ ಆಟಗಾರನ ಬೆನ್ನುನೋವನ್ನು ‘ಜಿಮ್ ನೋವು’ ಎಂದು ತಳ್ಳಿಹಾಕಬಾರದು.

ಅಪರೂಪವಾದರೂ ಮೈದಾನದ ಬದಿಯಲ್ಲಿರುವ ಪ್ರತಿಯೊಬ್ಬರೂ ತಿಳಿದಿರಬೇಕಾದದ್ದು ಒಂದಿದೆ. ಕತ್ತಿನ ಬುಡದಲ್ಲಿ ಎದೆಮೂಳೆಗೆ ಸೇರುವ ಕೊರಳೆಲುಬಿನ ಒಳತುದಿ ಪೂರ್ತಿ ಕೂಡಿಕೊಳ್ಳುವುದು ಇಪ್ಪತ್ತು ದಾಟಿದ ಮೇಲೆ, ಕೆಲವರಲ್ಲಿ 25ರವರೆಗೂ ಆಗಿರುವುದಿಲ್ಲ. ಭುಜದ ಮೇಲೆ ಪಕ್ಕದಿಂದ ಹಲವರ ಭಾರ ಬಿದ್ದಾಗ ಅದು ಒಳಕ್ಕೆ ಸರಿದು ಶ್ವಾಸನಾಳವನ್ನೋ ರಕ್ತನಾಳವನ್ನೋ ಒತ್ತಬಹುದು. ಉಸಿರಾಡಲು ನುಂಗಲು ಕಷ್ಟ, ದನಿ ಒಡೆಯುವುದು, ಒಂದು ತೋಳು ಊದಿ ಬಣ್ಣಗೆಡುವುದು ಕಂಡರೆ ಅದು ತುರ್ತು ಸ್ಥಿತಿ. ಕೂಡಲೇ ಆಸ್ಪತ್ರೆ.

ನಿಲ್ಲಿಸುವ ಬಲ

ಬಲದ ಮಾತು ಬಂದಾಗ ರಗ್ಬಿಯಲ್ಲಿ ಎಲ್ಲರೂ ಸಂವೇಗದ ಲೆಕ್ಕ ಹೇಳುತ್ತಾರೆ: ತೂಕವನ್ನು ವೇಗದಿಂದ ಗುಣಿಸು. 80 ಕೆ.ಜಿ. ಹುಡುಗ ಸೆಕೆಂಡಿಗೆ 7 ಮೀಟರ್ ಓಡಿದರೆ 560. ಅವನೇ 90 ಕೆ.ಜಿ.ಯಾಗಿ ವೇಗ 6.7ಕ್ಕೆ ಇಳಿದರೂ 603. ಅಂಕಿ ಏರಿತು, ಎಲ್ಲರಿಗೂ ಖುಷಿ. ಆದರೆ ಅದೇ ಹುಡುಗನ ಸ್ಕ್ವಾಟ್ 120ರಿಂದ 125 ಕೆ.ಜಿ.ಗಷ್ಟೇ ಏರಿದ್ದರೆ ತೂಕಕ್ಕೆ ಹೋಲಿಸಿದ ಅವನ ಬಲ 1.5 ಪಟ್ಟಿನಿಂದ 1.39 ಪಟ್ಟಿಗೆ ಇಳಿದಿದೆ. ಸೈಡ್‌ಸ್ಟೆಪ್ ಹಾಕುವಾಗ, ಲೈನ್‌ಔಟ್‌ನಲ್ಲಿ ಪಕ್ಕದ ಗೆರೆಯಿಂದ ಎಸೆದ ಚೆಂಡಿಗೆ ಜಿಗಿದು ಇಳಿಯುವಾಗ, ಎದುರಾಳಿ ದಿಕ್ಕು ಬದಲಿಸಿದಾಗ ಮೈಯನ್ನು ನಿಲ್ಲಿಸಬೇಕಾದದ್ದು ಆ ಬಲ. ಗಾಡಿಗೆ ಹೊರೆ ಹೇರಿ ಬ್ರೇಕನ್ನು ಹಳೆಯದೇ ಬಿಟ್ಟರೆ ಇಳಿಜಾರಿನಲ್ಲಿ ಏನಾಗುತ್ತದೋ ಮೊಣಕಾಲಿನ ಒಳಗಿನ ಲಿಗಮೆಂಟ್ ಆದ ಎಸಿಎಲ್‌ಗೆ ಆಗುವುದೂ ಅದೇ. ತಪ್ಪು ಕೋನದಲ್ಲಿ ಕಾಲೂರಿದ ಕ್ಷಣ ಮೊಣಕಾಲು ಒಳಕ್ಕೆ ಕುಸಿಯುತ್ತದೆ. ಹಿಡಿದು ನಿಲ್ಲಿಸಬೇಕಾದ ಹ್ಯಾಮ್‌ಸ್ಟ್ರಿಂಗ್ ಮತ್ತು ಪೃಷ್ಠದ ಸ್ನಾಯುಗಳಿಗೆ ಹೊಸ ತೂಕದ ಪರಿಚಯವೇ ಆಗಿರುವುದಿಲ್ಲ.

ತಲೆಯ ಪೆಟ್ಟಿಗೂ ಇದಕ್ಕೂ ಸಂಬಂಧವಿದೆ, ಅದು ಸ್ವಲ್ಪ ಸುತ್ತುದಾರಿಯದು. ರಗ್ಬಿಯ ಗಾಯಗಳಲ್ಲಿ ಅರ್ಧದಷ್ಟು ಟ್ಯಾಕಲ್‌ನಲ್ಲಿ ಆಗುತ್ತವೆ. ವೃತ್ತಿಪರ ಆಟದಲ್ಲಿ ತಲೆಗೆ ಪೆಟ್ಟಾದ ಪ್ರಸಂಗಗಳ ಸುಮಾರು ಮುಕ್ಕಾಲು ಭಾಗ ಟ್ಯಾಕಲ್‌ನವು, ಅವುಗಳಲ್ಲೂ ಹೆಚ್ಚು ಸಲ ಪೆಟ್ಟು ತಿನ್ನುವುದು ಟ್ಯಾಕಲ್ ಮಾಡುವವನೇ. ಸೊಂಟ ಬಗ್ಗಿಸದೆ ನೆಟ್ಟಗೆ ನಿಂತು ಟ್ಯಾಕಲ್‌ಗೆ ಹೋದಾಗ ಅಪಾಯ ಹೆಚ್ಚು. ಈಗ ಹೊಸದಾಗಿ ದಪ್ಪವಾದ ಹುಡುಗನನ್ನು ಪಂದ್ಯದ ಐವತ್ತನೇ ನಿಮಿಷದಲ್ಲಿ ನೋಡಬೇಕು. ಬಗ್ಗಿ ಕೂತು, ಹೆಜ್ಜೆ ಹತ್ತಿರ ತಂದು, ಭುಜ ಕೊಟ್ಟು ಎದ್ದು ನಿಲ್ಲುವುದು ತೊಡೆಗೆ ಬಹಳ ದುಬಾರಿ ಕೆಲಸ, ತೂಕ ಹೆಚ್ಚಿದಷ್ಟೂ ಮತ್ತೂ ದುಬಾರಿ. ದಣಿದ ಮೈ ಮೊದಲು ಬಿಟ್ಟುಕೊಡುವುದು ಆ ಬಗ್ಗುವಿಕೆಯನ್ನೇ. ಅವನು ನೆಟ್ಟಗೆ ನಿಲ್ಲುತ್ತಾನೆ, ಕೈ ಚಾಚುತ್ತಾನೆ, ತಲೆ ಎದುರಾಳಿಯ ತಲೆಯ ಮಟ್ಟಕ್ಕೆ ಬರುತ್ತದೆ. ಫ್ರಾನ್ಸ್ 2019ರಲ್ಲಿ ಹವ್ಯಾಸಿ ಆಟದ ಟ್ಯಾಕಲ್ ಮಟ್ಟವನ್ನು ಸೊಂಟಕ್ಕೆ ಇಳಿಸಿತು, ಇಂಗ್ಲೆಂಡ್ 2023ರಲ್ಲಿ ಎದೆಮೂಳೆಯ ಬುಡದ ಕೆಳಕ್ಕೆ ತಂದಿತು. ನಿಯಮ ಒಳ್ಳೆಯದೇ. ಆದರೆ ಅಷ್ಟು ಕೆಳಗೆ ಪಂದ್ಯವಿಡೀ ಬಗ್ಗಬಲ್ಲ ಮೈ ಇಲ್ಲದ ಹುಡುಗನಿಗೆ ನಿಯಮ ಗೊತ್ತಿದ್ದರೂ ಉಪಯೋಗವಾಗುವುದಿಲ್ಲ.

ದಪ್ಪವಾದ ಹುಡುಗನನ್ನು ಸ್ಕ್ರಮ್‌ನ (ಎರಡೂ ತಂಡದ ಎಂಟೆಂಟು ಮಂದಿ ಹೆಣೆದುಕೊಂಡು ತಳ್ಳುವ ಸೆಣಸಾಟ) ಪಕ್ಕದಲ್ಲಿರುವ ಫ್ಲ್ಯಾಂಕರ್ ಜಾಗದಿಂದ ಅದರ ಮುಂದಿನ ಸಾಲಿನ ಪ್ರಾಪ್‌ಗೆ ಬದಲಿಸುವ ಚಾಳಿಯೂ ಇದೆ. ತೂಕ ಬಂತು, ಇನ್ನು ಮುಂದಿನ ಸಾಲಿಗೆ ಹೋಗಲಿ ಎಂಬ ತರ್ಕ. ಮುಂದಿನ ಸಾಲು ಬೇಡುವುದು ಕುತ್ತಿಗೆಯನ್ನು, ಕೆಳಬೆನ್ನನ್ನು, ಇವೆರಡನ್ನೂ ಒಂದೇ ನೇರದಲ್ಲಿಟ್ಟು ಒತ್ತಡ ತಡೆಯುವ ಅಭ್ಯಾಸವನ್ನು. ಸ್ಕ್ರಮ್‌ನ ಮೊದಲ ಡಿಕ್ಕಿ ಕಡಿಮೆ ಮಾಡಲೆಂದೇ 2013ರಲ್ಲಿ ‘ಕ್ರೌಚ್, ಬೈಂಡ್, ಸೆಟ್’ ಕ್ರಮ ಬಂತು. ಮೊದಲೇ ಹಿಡಿದುಕೊಳ್ಳುವುದರಿಂದ ಡಿಕ್ಕಿಯ ಬಲ ಸುಮಾರು ಕಾಲುಭಾಗ ಇಳಿಯುತ್ತದೆ. 19ರೊಳಗಿನವರ ಆಟದಲ್ಲಿ ಸ್ಕ್ರಮ್ಮನ್ನು ಒಂದೂವರೆ ಮೀಟರ್‌ಗಿಂತ ಹೆಚ್ಚು ತಳ್ಳುವಂತಿಲ್ಲ, ತರಬೇತಾದ ಮುಂದಿನ ಸಾಲಿನವರು ಇಲ್ಲದಿದ್ದರೆ ತಳ್ಳಾಟವಿಲ್ಲದ ಸ್ಕ್ರಮ್ ಆಡಿಸಬೇಕು. ಈ ಎಚ್ಚರಿಕೆಗಳನ್ನು ಬರೆದವರಿಗೆ ಕುತ್ತಿಗೆಯ ಬೆಲೆ ಗೊತ್ತಿತ್ತು. ಜಾಗ ಬದಲಿಸುವುದಾದರೆ ಕನಿಷ್ಠ ಎಂಟರಿಂದ ಹನ್ನೆರಡು ವಾರ ಕುತ್ತಿಗೆ ಕೆಲಸ ಮೊದಲು ಆಗಬೇಕು: ನಾಲ್ಕೂ ದಿಕ್ಕಿಗೆ ಅಲುಗದೆ ತಡೆಯುವ ಒತ್ತು, ಪ್ರತಿ ದಿಕ್ಕಿಗೆ ಹತ್ತು ಸೆಕೆಂಡ್, ಮೂರು ಸಲ, ವಾರಕ್ಕೆ ಮೂರು ದಿನ. ಆಮೇಲೆ ಸ್ಕ್ರಮ್ ಅಭ್ಯಾಸ: ಮೊದಲು ಒಬ್ಬರಿಗೊಬ್ಬರು, ಆಮೇಲೆ ಮೂವರಿಗೆ ಮೂವರು, ಆಮೇಲೆ ಐವರು, ಕೊನೆಗೆ ಎಂಟು.

ಹಾಗಾದರೆ ಹೇಗೆ ಏರಿಸುವುದು

ವಾರಕ್ಕೆ ದೇಹತೂಕದ ನೂರಕ್ಕೆ ಕಾಲು ಭಾಗ, ಹೆಚ್ಚೆಂದರೆ ಅರ್ಧ. 80 ಕೆ.ಜಿ. ಹುಡುಗನಿಗೆ 200ರಿಂದ 400 ಗ್ರಾಂ. ಮೂರು ವಾರ ಏರಿಸಿ, ನಾಲ್ಕನೇ ವಾರ ಅಲ್ಲೇ ನಿಲ್ಲಿಸಿ ಪರೀಕ್ಷೆ. ಹೀಗೆ ಹೋದರೆ ಹನ್ನೆರಡು ವಾರಕ್ಕೆ ಎರಡರಿಂದ ಮೂರೂವರೆ ಕೆ.ಜಿ., ಬಹುಪಾಲು ಉಪಯೋಗಕ್ಕೆ ಬರುವಂಥದ್ದು. ಹತ್ತು ಕೆ.ಜಿ. ನಿಜಕ್ಕೂ ಬೇಕಿದ್ದರೆ ಅದು ಎರಡು ಸೀಸನ್‌ಗಳ ಕೆಲಸ. ಈ ಮಾತು ಆಯ್ಕೆ ಸಮಿತಿಗೆ ರುಚಿಸುವುದಿಲ್ಲ, ಆದರೂ ಹೇಳಲೇಬೇಕು.

ತೂಕ ನೋಡುವುದು ಬೆಳಗ್ಗೆ ಎದ್ದು ಶೌಚ ಮುಗಿಸಿ, ಏನೂ ತಿನ್ನದೆ ಕುಡಿಯದೆ, ಅದೇ ಯಂತ್ರದ ಮೇಲೆ. ದಿನದ ಅಂಕಿ ನೀರಿನಿಂದಲೇ ಒಂದು ಕೆ.ಜಿ. ಅತ್ತಿತ್ತ ಆಗುತ್ತದೆ, ಹಾಗಾಗಿ ಏಳು ದಿನದ ಸರಾಸರಿಯನ್ನಷ್ಟೇ ನಂಬಬೇಕು. ತಿಂಗಳಿಗೊಮ್ಮೆ ಹೊಕ್ಕುಳ ಮಟ್ಟದಲ್ಲಿ ಹೊಟ್ಟೆಯ ಸುತ್ತಳತೆ. ತೂಕಕ್ಕಿಂತ ಹೊಟ್ಟೆ ಬೇಗ ಏರುತ್ತಿದ್ದರೆ ಊಟದ ಹೆಚ್ಚುವರಿ ತಗ್ಗಿಸಬೇಕು. ಚರ್ಮದ ಮಡಿಕೆ ಅಳೆಯುವುದಾದರೆ ಪ್ರತಿ ಸಲ ಒಬ್ಬರೇ ಅಳೆಯಬೇಕು, ಕೈ ಬದಲಾದರೆ ಅಂಕಿಗಳಿಗೆ ಅರ್ಥವಿರುವುದಿಲ್ಲ. ಬಿಎಂಐ ನೋಡುವ ಅಗತ್ಯವೇ ಇಲ್ಲ. ಇನ್ನೂ ಬೆಳೆಯುತ್ತಿರುವವರಿಗೆ ಮೂರು ತಿಂಗಳಿಗೊಮ್ಮೆ ನಿಂತ ಎತ್ತರ, ಕೂತ ಎತ್ತರ ಎರಡೂ ಬರೆದಿಡಬೇಕು. ಮೂರು ತಿಂಗಳಲ್ಲಿ ಎರಡು ಸೆಂ.ಮೀ. ದಾಟಿ ಬೆಳೆದಿದ್ದರೆ ತೂಕದ ಗುರಿಯನ್ನು ಬದಿಗಿಟ್ಟು ಜಿಗಿತದ ಲೆಕ್ಕವನ್ನೂ ತಗ್ಗಿಸಬೇಕು.

ನಾಲ್ಕನೇ ವಾರದ ಪರೀಕ್ಷೆಯಲ್ಲಿ ಐದು ಅಂಶಗಳು ಸಾಕು. ಹತ್ತು ಮೀಟರ್ ಸ್ಪ್ರಿಂಟ್: ಕೈಯಲ್ಲಿ ಒತ್ತುವ ಸ್ಟಾಪ್‌ವಾಚ್‌ನ ದೋಷವೇ ನಾವು ಹುಡುಕುವ ವ್ಯತ್ಯಾಸಕ್ಕಿಂತ ದೊಡ್ಡದು, ಆದ್ದರಿಂದ ಟೈಮಿಂಗ್ ಗೇಟ್ ಬೇಕು, ಇಲ್ಲವೇ ಫೋನಿನ ಸೆಕೆಂಡಿಗೆ 240 ಫ್ರೇಮಿನ ನಿಧಾನ ವಿಡಿಯೊ. ನಿಂತಲ್ಲಿಂದ ಜಿಗಿತದ ಎತ್ತರ. ಚಿನ್‌ಅಪ್, ಏಕೆಂದರೆ ಅದು ಮೈತೂಕಕ್ಕೆ ಹೋಲಿಸಿದ ಬಲವನ್ನು ಯಾವ ಲೆಕ್ಕವೂ ಇಲ್ಲದೆ ತೋರಿಸುತ್ತದೆ. ಒಂಟಿ ಕಾಲಿನಲ್ಲಿ ಹಿಮ್ಮಡಿ ಎತ್ತುವುದು, ಎರಡೂ ಕಾಲಿಗೆ 25ರ ಹತ್ತಿರ ಬರಬೇಕು. ಕೊನೆಗೆ ಬ್ರಾಂಕೊ ಓಟ: 20, 40, 60 ಮೀಟರ್‌ಗೆ ಹೋಗಿ ಬರುವುದು, ಅದನ್ನೇ ಐದು ಸಲ, ಒಟ್ಟು 1,200 ಮೀಟರ್. ಜಿಗಿತ ಮತ್ತು ಸ್ಪ್ರಿಂಟ್ ಹಾಗೇ ಉಳಿದಿದ್ದರೆ ಅಥವಾ ಸುಧಾರಿಸಿದ್ದರೆ ಮುಂದಿನ ನಾಲ್ಕು ವಾರಕ್ಕೆ ಹೋಗಬಹುದು. ಎರಡೂ ಇಳಿದಿದ್ದರೆ ತೂಕ ಅಲ್ಲೇ ನಿಲ್ಲಬೇಕು. ಚಿನ್‌ಅಪ್ ಹತ್ತರಿಂದ ಆರಕ್ಕೆ ಇಳಿದಿದ್ದರೆ ಸೇರಿದ್ದು ಏನೆಂದು ಬೇರೆ ಯಾರೂ ಹೇಳಬೇಕಿಲ್ಲ.

ಜಿಮ್‌ನಲ್ಲಿ ಹುಡುಗರಿಗೆ ಇಷ್ಟವಾಗುವುದು ಬೆಂಚ್ ಪ್ರೆಸ್. ಎದೆ ಬಿಗಿದು ಬೆನ್ನಿನ ಮೇಲ್ಭಾಗ ಬಡವಾದ ಭುಜ ಟ್ಯಾಕಲ್‌ನಲ್ಲಿ ಕೈ ಚಾಚಿದಾಗ ಕಳಚುತ್ತದೆ. ಇಪ್ಪತ್ತರೊಳಗೆ ಒಮ್ಮೆ ಕಳಚಿದ ಭುಜ ಮತ್ತೆ ಕಳಚುವ ಸಾಧ್ಯತೆ ಬಹಳ ಹೆಚ್ಚು. ತಳ್ಳುವ ಪ್ರತಿ ಸೆಟ್‌ಗೆ ಎಳೆಯುವ ಒಂದೂವರೆ ಅಥವಾ ಎರಡು ಸೆಟ್ ಇರಬೇಕು. ಕಾಲಿಗೆ ವಾರಕ್ಕೆ ಎರಡು ದಿನ ಸ್ಕ್ವಾಟ್, ಒಂದು ದಿನ ಡೆಡ್‌ಲಿಫ್ಟ್. ಟೆಂಡನ್‌ಗೆಂದೇ ಒಂದು ವ್ಯಾಯಾಮವನ್ನು ನಿಧಾನವಾಗಿ, ಮೂರು ಸೆಕೆಂಡ್ ಇಳಿದು ಮೂರು ಸೆಕೆಂಡ್ ಏರುವಂತೆ ಮಾಡಬೇಕು. ಹದಿನೈದು ಸಲ ಎತ್ತಬಲ್ಲ ಭಾರದಿಂದ ಶುರುಮಾಡಿ ಹನ್ನೆರಡು ವಾರದಲ್ಲಿ ಆರು ಸಲ ಎತ್ತಬಲ್ಲ ಭಾರಕ್ಕೆ ಬರಬೇಕು. ಮಂಡಿಯೂರಿ ಮುಂದಕ್ಕೆ ನಿಧಾನವಾಗಿ ಬೀಳುವ ನಾರ್ಡಿಕ್ ವ್ಯಾಯಾಮ ಹ್ಯಾಮ್‌ಸ್ಟ್ರಿಂಗ್ ಗಾಯವನ್ನು ಅರ್ಧದಷ್ಟು ತಗ್ಗಿಸಿದ್ದು ಹಲವು ಆಟಗಳಲ್ಲಿ ಕಂಡಿದೆ. ಅದರ ಭಾರ ಹುಡುಗನ ಮೈಯೇ ಆದ್ದರಿಂದ ತೂಕ ಏರಿದಂತೆ ವ್ಯಾಯಾಮವೂ ತಾನಾಗಿ ಕಠಿಣವಾಗುತ್ತದೆ. ವಾರಕ್ಕೆ ಐದು ಸಲದ ಎರಡು ಸೆಟ್‌ನಿಂದ ಶುರುಮಾಡಿದರೆ ಸಾಕು, ಮೊದಲ ದಿನವೇ ಮೂವತ್ತು ಮಾಡಿಸಿದರೆ ನಾಲ್ಕು ದಿನ ನಡೆಯಲಾಗುವುದಿಲ್ಲ.

ಸಮತೋಲನ, ಇಳಿಯುವಿಕೆ, ಕುತ್ತಿಗೆ ಒತ್ತು, ದಿಕ್ಕು ಬದಲಾವಣೆ ಎಲ್ಲ ಸೇರಿದ ಇಪ್ಪತ್ತು ನಿಮಿಷದ ‘ಆಕ್ಟಿವೇಟ್’ ವಾರ್ಮ್‌ಅಪ್ ಅನ್ನು ವರ್ಲ್ಡ್ ರಗ್ಬಿ ಉಚಿತವಾಗಿ ಕೊಡುತ್ತದೆ. ಇಂಗ್ಲೆಂಡಿನ 14-18 ವಯಸ್ಸಿನ ಶಾಲಾ ಆಟಗಾರರ ಅಧ್ಯಯನದಲ್ಲಿ ಇದನ್ನು ವಾರಕ್ಕೆ ಮೂರು ಸಲ ತಪ್ಪದೆ ಮಾಡಿದ ತಂಡಗಳಲ್ಲಿ ಪಂದ್ಯದ ಗಾಯಗಳು 72%, ಕನ್ಕಷನ್ (ತಲೆಯ ಪೆಟ್ಟಿನಿಂದ ಮಿದುಳಿಗಾಗುವ ಆಘಾತ) 59% ಕಡಿಮೆಯಿದ್ದವು. ವಾರಕ್ಕೊಮ್ಮೆ ಕಾಟಾಚಾರಕ್ಕೆ ಮಾಡಿದರೆ ಆ ಫಲ ಸಿಗುವುದಿಲ್ಲ. ಇಷ್ಟು ಅಗ್ಗದ, ಇಷ್ಟು ಫಲ ಕೊಡುವ ಉಪಾಯವನ್ನು ಬದಿಗಿಟ್ಟು ಪೌಡರ್ ಡಬ್ಬಿಯ ಬಗ್ಗೆ ಚರ್ಚಿಸುವ ಕ್ಲಬ್‌ಗಳನ್ನು ಕಂಡರೆ ನೋವಾಗುತ್ತದೆ.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ದಿನಕ್ಕೆ 300ರಿಂದ 500 ಕ್ಯಾಲರಿ ಹೆಚ್ಚುವರಿ. ದೇಹತೂಕದ ಪ್ರತಿ ಕೆ.ಜಿ.ಗೆ 1.4ರಿಂದ 2 ಗ್ರಾಂ ಪ್ರೋಟೀನ್, ಅದನ್ನು ನಾಲ್ಕೈದು ಹೊತ್ತಿಗೆ ಹಂಚಬೇಕು. ನಿದ್ದೆ 8ರಿಂದ 10 ಗಂಟೆ. ರಾತ್ರಿ ಹನ್ನೆರಡಕ್ಕೆ ಮಲಗಿ ಆರಕ್ಕೆ ಜಿಮ್‌ಗೆ ಹೋಗುವವನಿಗೆ ಯಾವ ಪ್ರೋಟೀನೂ ಹೇಳಿದಷ್ಟು ಕೆಲಸ ಮಾಡದು. ಕುತ್ತಿಗೆ ದಪ್ಪವಾದ ಮೇಲೆ ಹೊಸದಾಗಿ ಗೊರಕೆ ಶುರುವಾಗಿ ಹಗಲು ತೂಕಡಿಸುತ್ತಿದ್ದರೆ ವೈದ್ಯರಿಗೆ ತೋರಿಸಬೇಕು, ನಿದ್ದೆಯಲ್ಲಿ ಉಸಿರು ಕಟ್ಟುತ್ತಿರಬಹುದು.

ಕ್ರಿಯೇಟಿನ್ ಎಂಬ ಪೂರಕ ಪುಡಿ ನಿಷೇಧಿತವಲ್ಲ. ಮೊದಲ ವಾರ ಅದು ಏರಿಸುವ ಒಂದೆರಡು ಕೆ.ಜಿ. ಬಹುಪಾಲು ನೀರು. 18ರೊಳಗಿನವರಿಗೆ ಪೂರಕಗಳನ್ನು ಇಂಗ್ಲೆಂಡಿನ ರಗ್ಬಿ ಸಂಸ್ಥೆ ಅನುಮೋದಿಸುವುದಿಲ್ಲ, ನಮ್ಮ ಮಾತೂ ಅದೇ. ಡಬ್ಬಿಯೊಳಗೆ ಬೆರಕೆಯಿದ್ದು ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ‘ಗೊತ್ತಿರಲಿಲ್ಲ’ ಎಂಬ ಮಾತು ಹೊಣೆಯಿಂದ ಬಿಡಿಸುವುದಿಲ್ಲ. ಸ್ಟೆರಾಯ್ಡ್ ವಿಷಯ ಬೇರೆಯೇ. ದಕ್ಷಿಣ ಆಫ್ರಿಕಾದ 18ರೊಳಗಿನವರ ಕ್ರೇವನ್ ವೀಕ್ ಪಂದ್ಯಾವಳಿಯಲ್ಲೇ ಶಾಲಾ ಹುಡುಗರು ಇದಕ್ಕೆ ಸಿಕ್ಕಿಬಿದ್ದಿದ್ದಾರೆ. ಅದು ಬೆಳವಣಿಗೆಯ ತಟ್ಟೆಯನ್ನು ಬೇಗ ಮುಚ್ಚಿಸುತ್ತದೆ, ಟೆಂಡನ್ ತಡೆಯಲಾರದಷ್ಟು ಬಲವನ್ನು ಮಾಂಸಖಂಡಕ್ಕೆ ಕೊಡುತ್ತದೆ. ಹದಿನಾರರ ಹುಡುಗ ಎಂಟು ವಾರದಲ್ಲಿ ಎಂಟು ಕೆ.ಜಿ. ಏರಿ, ಬೆನ್ನ ತುಂಬ ಮೊಡವೆ, ಮೂಗಿನ ಮೇಲೆ ಸಿಟ್ಟು ಇದ್ದರೆ ಹೊಗಳುವ ಮೊದಲು ಪಕ್ಕಕ್ಕೆ ಕರೆದು ಮೃದುವಾಗಿ ಕೇಳಬೇಕು.

ತಡವಾಗಿ ಬೆಳೆಯುವ ಹುಡುಗರ ಮೇಲೆ ಈ ಒತ್ತಡ ಅತಿ ಹೆಚ್ಚು ಬೀಳುತ್ತದೆ. ಒಂದೇ ತರಗತಿಯ ಹದಿನಾಲ್ಕರ ಇಬ್ಬರ ನಡುವೆ ಮೂವತ್ತು ಕೆ.ಜಿ. ವ್ಯತ್ಯಾಸ ಇರಬಹುದು, ಅದರಲ್ಲಿ ಬಹುಪಾಲು ಕೇವಲ ಪ್ರೌಢತೆಯ ಹಿಂದುಮುಂದು. ಅಂಥವನಿಗೆ ತಿನ್ನು ಎನ್ನುವ ಬದಲು ಎರಡು ವರ್ಷ ಕಾಯುವ ಧೈರ್ಯ ಬೇಕು. ನ್ಯೂಜಿಲೆಂಡ್‌ನಲ್ಲಿ ತೂಕದ ವರ್ಗಗಳಿವೆ, 2020ರಿಂದ 85 ಕೆ.ಜಿ.ಯೊಳಗಿನವರಿಗೆ ರಾಷ್ಟ್ರಮಟ್ಟದ ಕ್ಲಬ್ ಸ್ಪರ್ಧೆಯೂ ಇದೆ. ಬೇರೆ ಕೆಲವು ಕಡೆ ವಯಸ್ಕ ಎತ್ತರದ ಅಂದಾಜಿನಲ್ಲಿ ಈಗ ಎಷ್ಟು ಪಾಲು ತಲುಪಿದ್ದಾರೆಂದು ನೋಡಿ ಗುಂಪು ಮಾಡುತ್ತಾರೆ. ಎರಡೂ ಉಪಯುಕ್ತ. ಆದರೆ ತೂಕದ ವರ್ಗವಿರುವಲ್ಲಿ ಪಂದ್ಯದ ಹಿಂದಿನ ದಿನ ನೀರು ಬಿಟ್ಟು ತೂಕ ಇಳಿಸುವ ಹುಡುಗರ ಮೇಲೂ ಕಣ್ಣಿಡಬೇಕು.

ಇನ್ನುಳಿದದ್ದು ಗಾಯದಿಂದ ವಾಪಸ್ ಬರುವವರ ವಿಷಯ. ಎಸಿಎಲ್ ಶಸ್ತ್ರಚಿಕಿತ್ಸೆಯ ನಂತರ ಹುಡುಗ ಒಂಬತ್ತು ತಿಂಗಳಾದರೂ ಆಟದಿಂದ ಹೊರಗಿರುತ್ತಾನೆ. ಕಾಲು ಆಡದಿರುವಾಗ ಜಿಮ್‌ನಲ್ಲಿ ಮಾಡಲು ಉಳಿಯುವುದು ಮೈಯ ಮೇಲ್ಭಾಗದ ವ್ಯಾಯಾಮ, ಹಸಿವು ಮೊದಲಿನಷ್ಟೇ. ಆರೇಳು ಕೆ.ಜಿ. ಏರಿಯೇ ಬರುತ್ತಾನೆ. ಮೊಣಕಾಲಿನ ಪರೀಕ್ಷೆಯಲ್ಲಿ ಎರಡೂ ಕಾಲು ಸಮವಿದೆಯೇ ಎಂದು ಫಿಸಿಯೊ ನೋಡುತ್ತಾರೆ, ಶೇಕಡಾ ತೊಂಬತ್ತು ಬಂದರೆ ಹಸಿರು ನಿಶಾನೆ. ಆದರೆ ಎರಡೂ ಕಾಲು ಸೊರಗಿ ಸಮವಾಗಿದ್ದರೂ ಶೇಕಡಾ ತೊಂಬತ್ತು ಬರುತ್ತದೆ. ಗಾಯಕ್ಕೆ ಮೊದಲಿನ ತೂಕ, ಜಿಗಿತ, ಹತ್ತು ಮೀಟರ್ ಸಮಯ ಬರೆದಿಟ್ಟಿದ್ದರೆ ಅವುಗಳ ಜೊತೆ ಹೋಲಿಸಬೇಕು, ಇಲ್ಲದಿದ್ದರೆ ಒಂಟಿ ಕಾಲಿನ ಬಲವನ್ನು ಈಗಿನ ತೂಕದಿಂದ ಭಾಗಿಸಿ ನೋಡಬೇಕು. ಹೊಸ ತೂಕದಲ್ಲಿ ಪೂರ್ಣ ವೇಗದ ಸ್ಪ್ರಿಂಟ್, ಪೂರ್ಣ ವೇಗದಿಂದ ನಿಲ್ಲುವುದು, ನಿಯಂತ್ರಿತ ಟ್ಯಾಕಲ್, ಪೂರ್ಣ ಟ್ಯಾಕಲ್ ಈ ನಾಲ್ಕನ್ನೂ ಕನಿಷ್ಠ ನಾಲ್ಕು ವಾರ ಅಭ್ಯಾಸದಲ್ಲಿ ಮಾಡಿದ ಮೇಲೆ ಮೊದಲ ಪಂದ್ಯ, ಅದೂ ಇಪ್ಪತ್ತು ನಿಮಿಷ.